ಕೋಡಿಬೆಂಗ್ರೆ ಬೋಟಿಂಗ್: ಬುಕ್ ಮಾಡುವ ಮೊದಲು ಭರತದ ಹೊತ್ತು ನೋಡಿ

ಉಡುಪಿ ಜಿಲ್ಲೆಯ ಕೋಡಿಬೆಂಗ್ರೆ, ಹಂಗಾರಕಟ್ಟೆ ಕಡೆ ಹೊಳೆ ವಿಹಾರಕ್ಕೆ ಹೊರಟವರು ಮೊಬೈಲಿನಲ್ಲಿ ಮಲ್ಪೆಯ ಭರತ-ಇಳಿತದ (ಸಮುದ್ರದ ನೀರು ಏರಿ ಇಳಿಯುವ ಹೊತ್ತಿನ) ಪಟ್ಟಿ ತೆಗೆದು, ಭರತಕ್ಕೆ ಒಂದೂವರೆ ಗಂಟೆ ಮುಂಚೆ ದೋಣಿ ಹತ್ತಿ. ಸ್ವರ್ಣಾ, ಸೀತಾ ನದಿಗಳೆರಡೂ ಸಮುದ್ರ ಸೇರುವ ಈ ಜಾಗದಲ್ಲಿ ಆಳ ಕಡಿಮೆ. ಇಳಿತದಲ್ಲಿ ಮರಳದಿಣ್ಣೆ ಮೇಲೆ ಬಂದು ದೋಣಿ ನಡುಹೊಳೆಯಲ್ಲೇ ಸುತ್ತಿ ವಾಪಸಾಗುತ್ತದೆ. ನೀರು ಏರುವಾಗಲಾದರೆ ಕುದ್ರುಗಳ (ಹೊಳೆ ನಡುವಿನ ದ್ವೀಪಗಳ) ನಡುವಿನ ಸಣ್ಣ ಕವಲಿಗೂ ನುಗ್ಗಬಹುದು, ಕಾಂಡ್ಲಾ (ಮ್ಯಾಂಗ್ರೋವ್) ಗಿಡದ ಬೇರಿನ ಮೇಲೆ ಏಡಿ ಹತ್ತುವುದೂ ಕೈಗೆಟುಕುವಷ್ಟು ಹತ್ತಿರದಲ್ಲಿ ಕಾಣುತ್ತದೆ. ಭರತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಹಾಗಾಗಿ ಹೋದ ಭಾನುವಾರ ಭರತ ಇದ್ದ ಗಂಟೆಗೆ ಈ ಭಾನುವಾರ ಹೆಚ್ಚುಕಡಿಮೆ ಇಳಿತ. ಗೆಳೆಯರು ಹೇಳಿದ ಸಮಯ ನಂಬಿ ಬುಕ್ ಮಾಡಬೇಡಿ. ಬೆಳಿಗ್ಗೆಯ ಭರತ ಸಿಕ್ಕರೆ ಅದನ್ನೇ ಹಿಡಿಯಿರಿ, ಮಧ್ಯಾಹ್ನದ ಮೇಲೆ ಪಡುಗಾಳಿ ಎದ್ದರೆ ಹೊಳೆ ಸಮುದ್ರ ಸೇರುವ ಅಳಿವೆಯ ಹತ್ತಿರ ದೋಣಿ ಕುಲುಕುತ್ತದೆ, ಮಕ್ಕಳಿಗೆ ವಾಂತಿ ಬರುವುದೂ ಆಗಲೇ. ಅಷ್ಟಮಿಯ ಆಸುಪಾಸು ಏರಿಳಿತದ ವ್ಯತ್ಯಾಸವೇ ಕಡಿಮೆ, ಈ ಲೆಕ್ಕದಿಂದ ದೊಡ್ಡ ಪ್ರಯೋಜನವಿಲ್ಲ. ಮಳೆಗಾಲದಲ್ಲಂತೂ ನೆರೆನೀರಿನ ಸೆಳೆತದ ಮುಂದೆ ಯಾವ ಪಟ್ಟಿಯೂ ನಡೆಯುವುದಿಲ್ಲ, ಆಗ ಹೋಗಲೇಬೇಡಿ. ಲೈಫ್ ಜಾಕೆಟ್ ಮಾತ್ರ ದಡದಲ್ಲೇ ಹಾಕಿ, ಪಟ್ಟಿ ಬಿಗಿದು, ಭುಜದ ಹತ್ತಿರ ಎತ್ತಿ ನೋಡಿ: ಗಲ್ಲ ಮುಟ್ಟಿದರೆ ಸಡಿಲ, ಸಣ್ಣ ಸೈಜು ಕೇಳಿ.