ತೋಟಕ್ಕೆ ಹಳೆಯ ಮಿನಿ ಹಿಟಾಚಿ ಕೊಳ್ಳುವವರಿಗೆ

ಮಿನಿ ಹಿಟಾಚಿ (ಯಾವ ಕಂಪನಿಯದಾದರೂ ಮಣ್ಣು ಅಗೆಯುವ ಸಣ್ಣ ಯಂತ್ರಕ್ಕೆ ನಮ್ಮಲ್ಲಿ ಇದೇ ಹೆಸರು) ಮಾರಾಟಕ್ಕಿದೆ ಎಂದು ಯಾರಾದರೂ ಫೋನ್ ಮಾಡಿದರೆ ನಾನು ಕೇಳುವ ಮೊದಲ ಪ್ರಶ್ನೆ, ಅದು ಇಲ್ಲಿಯವರೆಗೆ ದುಡಿದದ್ದು ಎಲ್ಲಿ? ಮೂಡಿಗೆರೆ ಸುತ್ತಿನ ಕಾಫಿ ತೋಟಗಳಲ್ಲಿ ಬಾಡಿಗೆಗೆ ಯಂತ್ರ ಓಡಿಸುವವನು ನಾನು. ಕಂಪನಿ ಯಾವುದು, ಮಾಡೆಲ್ ಯಾವುದು ಎಂಬ ಚರ್ಚೆ ನನಗೆ ಆಮೇಲಿನದು.

ಕಡೂರು, ಅರಸೀಕೆರೆ ಕಡೆಯ ಒಣ ನೆಲದಲ್ಲಿ ತೆಂಗಿನ ಗುಂಡಿ ತೆಗೆದ ಯಂತ್ರವಾದರೆ ಚಕ್ರದ ಜಾಗದಲ್ಲಿರುವ ಚೈನು, ಅದರ ರೋಲರ್ ಇನ್ನೂ ಗಟ್ಟಿಯಾಗಿರಬಹುದು. ಆದರೆ ಆ ಧೂಳಿನಲ್ಲಿ ಏರ್ ಫಿಲ್ಟರ್ ಬದಲಿಸದೆ ಓಡಿಸಿದ್ದರೆ ಎಂಜಿನ್ ಒಳಗೆ ಸವೆದಿರುತ್ತದೆ. ಸಕಲೇಶಪುರದ ಮಳೆಯಲ್ಲಿ ಬಸಿಗಾಲುವೆ, ಆನೆ ಕಂದಕ ತೋಡಿದ್ದಾದರೆ ಅನುಮಾನ ಯಂತ್ರದ ಕಾಲಿನ, ಅಂದರೆ ಚೈನು, ರೋಲರ್ ಇರುವ ಕೆಳಭಾಗದ ಕಡೆಗೆ ಹೋಗಬೇಕು. ಕ್ವಾರಿಯಲ್ಲಿ ಬ್ರೇಕರ್ ಕಟ್ಟಿಕೊಂಡು ಕಲ್ಲು ಒಡೆದ ಯಂತ್ರವನ್ನು ಬಿಟ್ಟಿ ಕೊಟ್ಟರೂ ನಾನು ಯೋಚಿಸುತ್ತೇನೆ. ಆ ಹೊಡೆತಕ್ಕೆ ಕೀಲುಗಳ ಪಿನ್ನು, ಬುಷ್ಷು ಸಡಿಲವಾಗುತ್ತವೆ, ಬೂಮಿನ, ಅಂದರೆ ಯಂತ್ರದ ತೋಳಿನ ಬುಡದ ವೆಲ್ಡಿಂಗ್ ಬಿರಿಯುತ್ತದೆ, ತೋಳನ್ನು ಎತ್ತಿಳಿಸುವ ಹೈಡ್ರಾಲಿಕ್ ಎಣ್ಣೆ ಬೇಗ ಕೆಡುತ್ತದೆ. ಇಡೀ ಯಂತ್ರ ಹಳತಾಗಿದ್ದು ಬೂಮಿಗೆ ಮಾತ್ರ ಹೊಸ ಬಣ್ಣ ಬಳಿದಿದ್ದರೆ ಅಲ್ಲಿ ಉಗುರಿನಿಂದ ಕೆರೆದು ನೋಡಿ.

ಗಾತ್ರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ರೊಬಸ್ಟಾ ಗಿಡಗಳು 10 ಅಡಿ ಅಂತರದಲ್ಲಿದ್ದರೂ ರೆಕ್ಕೆಗಳು (ಕೊಂಬೆಗಳು) ಹರಡಿ ಉಳಿಯುವ ದಾರಿ ಕಿರಿದು. 3 ಟನ್ ವರ್ಗದ ಯಂತ್ರ ಸುಮಾರು ಒಂದೂವರೆ ಮೀಟರ್ ಅಗಲ. ಅದಕ್ಕಿಂತ ದೊಡ್ಡದು ತೋಟದೊಳಗೆ ಬೇಡ. ತಿರುಗುವಾಗ ಹಿಂಭಾಗ ಚೈನಿನ ಅಗಲ ದಾಟದಂಥದ್ದನ್ನೇ ಆರಿಸಿಕೊಳ್ಳಿ. ಇಲ್ಲವಾದರೆ ಫಸಲಿರುವ ರೆಕ್ಕೆಗಳನ್ನು ಯಂತ್ರವೇ ಮುರಿದು ಹಾಕುತ್ತದೆ.

ನೋಡಲು ಬೆಳಿಗ್ಗೆಯೇ ಹೋಗಿ, ಎಂಜಿನ್ ಚಾಲೂ ಮಾಡಬೇಡಿ ಎಂದು ಮೊದಲೇ ತಿಳಿಸಿ. ಹೋದೊಡನೆ ಬಾನೆಟ್ ಎತ್ತಿ ಕೈ ಇಟ್ಟು ನೋಡಿ. ಬೆಚ್ಚಗಿದ್ದರೆ ತಣ್ಣಗಿರುವ ಎಂಜಿನ್ ಸ್ಟಾರ್ಟ್ ಆಗುವುದನ್ನು ನಿಮಗೆ ತೋರಿಸಲು ಮಾಲೀಕರಿಗೆ ಇಷ್ಟವಿಲ್ಲ ಎಂದೇ ಅರ್ಥ. ನೀಲಿ ಹೊಗೆ ನಿಲ್ಲದೆ ಬಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಆಯಿಲ್ ಮುಚ್ಚಳ ಸಡಿಲಿಸಿದಾಗ ಹೊಗೆ ಒತ್ತಿಕೊಂಡು ಬಂದರೆ ಪಿಸ್ಟನ್ ರಿಂಗ್ ಸವೆದು ಹೋಗಿವೆ.

ನಂತರ ಕಾಲು. ಬೂಮನ್ನು ಪಕ್ಕಕ್ಕೆ ತಿರುಗಿಸಿ, ಬಕೆಟ್ ನೆಲಕ್ಕೆ ಒತ್ತಿ ಒಂದು ಬದಿಯ ಚೈನನ್ನು ಮೇಲೆತ್ತಿಸಿ, ಆ ಚೈನನ್ನು ಗಾಳಿಯಲ್ಲಿ ಓಡಿಸಲು ಹೇಳಿ, ನೀವು ದೂರ ನಿಂತು ನೋಡಿ. ಎತ್ತಿದ ಯಂತ್ರದ ಕೆಳಗೆ ಯಾವ ಕಾರಣಕ್ಕೂ ತಲೆ ಹಾಕಬೇಡಿ. ರಬ್ಬರ್ ಚೈನಿನ ಬಿರುಕಿನಲ್ಲಿ ಉಕ್ಕಿನ ತಂತಿ ಕಂಡರೆ ಅದರ ಆಯುಸ್ಸು ಮುಗಿದಂತೆಯೇ. ಒಳ್ಳೆಯ ಚೈನ್ ಕೂಡ ಸಾಮಾನ್ಯವಾಗಿ 1200ರಿಂದ 1600 ಗಂಟೆ ಬಾಳುತ್ತದೆ, ನಮ್ಮ ಕಲ್ಲು ನೆಲದಲ್ಲಿ ಇನ್ನೂ ಕಡಿಮೆ. ಚೈನನ್ನು ಎಳೆಯುವ ಹಲ್ಲಿನ ಚಕ್ರದ, ಅಂದರೆ ಸ್ಪ್ರಾಕೆಟ್‌ನ ಹಲ್ಲುಗಳು ಮೊನಚಾಗಿದ್ದರೆ ಹೊಸ ಚೈನ್ ಹಾಕಿಯೂ ಪ್ರಯೋಜನವಿಲ್ಲ, ಎರಡನ್ನೂ ಒಟ್ಟಿಗೆ ಬದಲಿಸಬೇಕು. ಸ್ಪ್ರಾಕೆಟ್ ಹಿಂದೆ ಎಣ್ಣೆ ಜಿನುಗಿ ಮಣ್ಣು ಮೆತ್ತಿಕೊಂಡಿದ್ದರೆ ಫೈನಲ್ ಡ್ರೈವಿನ (ಸ್ಪ್ರಾಕೆಟ್ ತಿರುಗಿಸುವ ಗೇರ್ ಪೆಟ್ಟಿಗೆಯ) ಸೀಲ್ ಹೋಗಿದೆ. ಇದು ಸಣ್ಣ ಖರ್ಚಲ್ಲ.

ಯಂತ್ರ ಓಡಿದ ಗಂಟೆ ತೋರಿಸುವ ಅವರ್ ಮೀಟರನ್ನು ನಾನು ಓದುತ್ತೇನೆ, ನಂಬುವುದಿಲ್ಲ. ಮೀಟರ್ 1500 ಎನ್ನುತ್ತಿರುವಾಗ ಪೆಡಲಿನ ರಬ್ಬರ್ ಸವೆದು ಕಬ್ಬಿಣ ಕಾಣುತ್ತಿದ್ದರೆ ನಾನು ಪೆಡಲನ್ನೇ ನಂಬುತ್ತೇನೆ.

ಎಲ್ಲಕ್ಕಿಂತ ಮುಖ್ಯವಾದ ಪರೀಕ್ಷೆಗೆ ಸಮಯ ಬೇಕು, ಹಾಗಾಗಿಯೇ ಹೆಚ್ಚಿನವರು ಅದನ್ನು ಮಾಡುವುದಿಲ್ಲ. ತಣ್ಣಗಿರುವಾಗ ಹೈಡ್ರಾಲಿಕ್ ಎಣ್ಣೆ ಮಂದವಾಗಿರುತ್ತದೆ, ಸವೆದ ಪಂಪ್ ಕೂಡ ಚೆನ್ನಾಗಿ ಎಳೆಯುತ್ತದೆ. ಒಂದು ಗಂಟೆ ನಿಜವಾಗಿ ಅಗೆಸಿ, ಎಣ್ಣೆ ಕಾದು ತೆಳುವಾದ ಮೇಲೆ ಅದರ ಬಂಡವಾಳ ಗೊತ್ತಾಗುತ್ತದೆ. ಬೆಳಿಗ್ಗೆ ಚುರುಕಾಗಿ ಎದ್ದ ಬೂಮ್ ಆಗ ನಿಧಾನವಾದರೆ ಪಂಪಿನ ಮೇಲೆ ಅನುಮಾನ ಪಡಿ. ಬಕೆಟ್ ತುಂಬಾ ಮಣ್ಣು ಎತ್ತಿ ಹಿಡಿದು ಎಂಜಿನ್ ನಿಲ್ಲಿಸಿ. ಬೂಮ್ ಕಣ್ಣೆದುರೇ ಇಳಿಯುತ್ತಿದ್ದರೆ ಸಿಲಿಂಡರ್ ಸೀಲ್ ಅಥವಾ ವಾಲ್ವ್ ಸೋರುತ್ತಿದೆ. ಸಮತಟ್ಟು ಜಾಗದಲ್ಲಿ ಚೈನ್ ಓಡಿಸುವ ಎರಡೂ ಲಿವರ್ ಪೂರ್ತಿ ಒತ್ತಿದಾಗ ಯಂತ್ರ ಒಂದು ಕಡೆಗೆ ಎಳೆಯಬಾರದು. ಹತ್ತಿರದಲ್ಲಿ ಏರು ಇದ್ದರೆ ಹತ್ತಿಸಿಯೇ ನೋಡಿ, ನಮ್ಮೂರಿನಲ್ಲಿ ಏರಿಗೇನು ಬರ! ಹೈಡ್ರಾಲಿಕ್ ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. ಮಾಲೀಕರು ಒಪ್ಪಿದರೆ ಫಿಲ್ಟರ್ ಬಿಚ್ಚಿಸಿ ನೋಡಿ, ಹಿತ್ತಾಳೆ ಬಣ್ಣದ ಚೂರುಗಳು ಹೊಳೆದರೆ ಪಂಪ್ ತನ್ನನ್ನೇ ತಿನ್ನುತ್ತಿದೆ.

ಚೈನ್ ಯಂತ್ರಗಳಲ್ಲಿ ಎಷ್ಟೋ ಯಂತ್ರಗಳಿಗೆ ಆರ್‌ಸಿ ಪುಸ್ತಕವೇ ಇರುವುದಿಲ್ಲ. ಆದ್ದರಿಂದ ಮೂಲ ಬಿಲ್, ಯಂತ್ರದ ಫಲಕದ ಮೇಲಿನ ಸೀರಿಯಲ್ ನಂಬರ್, ಚಾಸಿಸ್ ಮೇಲೆ ಕೊರೆದ ನಂಬರ್ ಮೂರೂ ಹೊಂದಬೇಕು. ಸಾಲದಲ್ಲಿ ಕೊಂಡದ್ದಾದರೆ ಸಾಲ ತೀರಿದೆ ಎಂಬ ಫೈನಾನ್ಸ್‌ನವರ ಎನ್‌ಒಸಿ ಪತ್ರ ಕೈಗೆ ಬರುವವರೆಗೆ ಮುಂಗಡ ಕೊಡಬೇಡಿ. ಜಪಾನಿನಿಂದ ಹಳೆಯದಾಗಿಯೇ ಬಂದಿಳಿದ ಯಂತ್ರಗಳೂ ಓಡಾಡುತ್ತಿವೆ, ಪ್ಯಾನಲ್ ಮೇಲೆ ಜಪಾನಿ ಅಕ್ಷರವಿರುತ್ತದೆ. ನೋಡಲು ಅಂದ, ಆದರೆ ಆ ಸೀರಿಯಲ್ ನಂಬರಿಗೆ ಬಿಡಿಭಾಗ ಸಿಗುತ್ತದೆಯೇ ಎಂದು ಡೀಲರ್ ಕೌಂಟರಿನಲ್ಲಿ ಕೇಳಿದ ಮೇಲೆ ಮಾತಿಗೆ ಕುಳಿತುಕೊಳ್ಳಿ.

ಚೌಕಾಸಿಗೂ ಆ ಕೌಂಟರೇ ಆಧಾರ. ಒಂದು ಜೊತೆ ಚೈನ್, ಸ್ಪ್ರಾಕೆಟ್, ರೋಲರ್, ಬುಷ್ ಸೆಟ್ ಇವುಗಳ ಬೆಲೆ ಬರೆಸಿಕೊಂಡ ಚೀಟಿ ಜೇಬಿನಲ್ಲಿರಲಿ. ‘ಸ್ವಲ್ಪ ಕಡಿಮೆ ಮಾಡಿ ಸ್ವಾಮಿ’ ಎಂದು ಗೋಗರೆಯುವ ಬದಲು ಸವೆದ ಭಾಗವನ್ನು ತೋರಿಸಿ, ಚೀಟಿಯ ಮೊತ್ತವನ್ನು ಕಳೆದು ಹೇಳಿ. ಮಾಲೀಕರು ಕೋಪಿಸಿಕೊಳ್ಳಬಹುದು, ಲೆಕ್ಕ ತಪ್ಪು ಎನ್ನಲಾರರು. ಕಾಫಿ ಕೊಯ್ಲು ಮುಗಿದು ಎಲ್ಲರೂ ಮಣ್ಣಿನ ಕೆಲಸಕ್ಕೆ ಇಳಿಯುವ ಬೇಸಿಗೆಯಲ್ಲಿ ಬೆಲೆ ಬಗ್ಗುವುದಿಲ್ಲ. ಜುಲೈ ಮಳೆಯಲ್ಲಿ ಯಂತ್ರ ಶೆಡ್ಡಿನಲ್ಲಿ ನಿಂತು ಕಂತು ಮಾತ್ರ ಓಡುತ್ತಿರುವಾಗ ಮಾತು ಮೆತ್ತಗಾಗುತ್ತದೆ. ಆಗ ಕೊಂಡರೆ ಸಾಗಿಸುವ ಮೊದಲು ನಿಮ್ಮ ತೋಟದ ಮೋರಿ, ಸಣ್ಣ ಸೇತುವೆಗಳನ್ನು ಒಮ್ಮೆ ನೋಡಿಕೊಂಡು ಬನ್ನಿ. 3 ಟನ್ ಯಂತ್ರ ಹೊತ್ತ ಲಾರಿಯ ಭಾರವನ್ನು ಅವು ತಡೆಯದಿದ್ದರೆ ರಸ್ತೆಯಂಚಿನಲ್ಲೇ ಇಳಿಸಿ ಚೈನಿನ ಮೇಲೆ ನಡೆಸಿಕೊಂಡು ಹೋಗಬೇಕಾಗುತ್ತದೆ.