ಕಟ್ಟೆ ಬೇರೆ, ಕುಂಡ ಬೇರೆ: ಬಾಲ್ಕನಿ ತೋಟದ ಗ್ರೂಪಿನಲ್ಲಿ ಹರಟೆ ಹತೋಟಿಗೆ ಬಂದ ಬಗೆ

ಹರಟೆಗೆ ಬೇರೆ ಜಾಗ ಮಾಡಿಕೊಟ್ಟರೆ ಗಿಡದ ಗ್ರೂಪು ಒಣಗಿ ಹೋಗುತ್ತದೆ ಎಂದು ಹೇಳಿದವರು ಬೊರಿವಲಿಯಿಂದ ಡೊಂಬಿವಲಿವರೆಗೂ ಇದ್ದರು. ಒಂದೂವರೆ ವರ್ಷ ಕಳೆಯಿತು. ಮುಂಬಯಿ ಕನ್ನಡಿಗರ ನಮ್ಮ ಬಾಲ್ಕನಿ ತೋಟದ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಈಗ 400 ಚಿಲ್ಲರೆ ಜನ, ಗಿಡಕ್ಕೆ ಹತ್ತುವ ಬಿಳಿ ಮೀಲಿಬಗ್ ಕೀಟದ ಬಗ್ಗೆ ಬೆಳಿಗ್ಗೆ ಕೇಳಿದರೆ ಮಧ್ಯಾಹ್ನದ ಊಟದೊಳಗೆ ಉತ್ತರ. ಗ್ರೂಪ್ ನಡೆಸುವವರಿಗೆ ಸೆಟ್ಟಿಂಗ್ಸ್ ಎಲ್ಲಿದೆ ಎಂದು ಹೇಳಬೇಕಾಗಿಲ್ಲ, ಆದ್ದರಿಂದ ಕೆಟ್ಟು ಹೋದದ್ದರಿಂದಲೇ ಶುರು ಮಾಡುತ್ತೇನೆ.

ಹರಟೆಯಲ್ಲಿ ಗಿಡದ ಪ್ರಶ್ನೆ ಮುಳುಗುತ್ತಿದ್ದುದಕ್ಕೆ ಮೊದಲ ಮದ್ದು ಕಟ್ಟುನಿಟ್ಟು. 2022ರಲ್ಲಿ ಅಡ್ಮಿನ್‌ಗೆ ಯಾರ ಸಂದೇಶವನ್ನಾದರೂ ಅಳಿಸುವ ಅಧಿಕಾರ ಬಂತಲ್ಲ, ಅದೇ ಹುಮ್ಮಸ್ಸಿನಲ್ಲಿ ಗುಡ್ ಮಾರ್ನಿಂಗ್ ಚಿತ್ರ, ಯಕ್ಷಗಾನದ ಕರೆಯೋಲೆ, ತತ್ಕಾಲ್ ಟಿಕೆಟ್ಟಿನ ಗೋಳು ಎಲ್ಲವನ್ನೂ ಒರೆಸಿದೆವು. ದಿನಕ್ಕೆ 250ರ ಆಸುಪಾಸು ಬರುತ್ತಿದ್ದ ಸಂದೇಶ 40ಕ್ಕೆ ಇಳಿಯಿತು. ಗಿಡದ ಪ್ರಶ್ನೆಯೂ 15ರಿಂದ 4ಕ್ಕೆ ಬಂತು! ಅಳಿಸಿದ ಜಾಗದಲ್ಲಿ ಅಡ್ಮಿನ್ ಅಳಿಸಿದರು ಎಂಬ ಗುರುತು ಉಳಿಯುತ್ತದೆ. ಎಲ್ಲರ ಎದುರು ಬಾಯಿ ಮುಚ್ಚಿಸಿಕೊಂಡವರು ಮಾರನೇ ದಿನ ಬೇವಿನೆಣ್ಣೆಯ ಅಳತೆ ಹೇಳಲು ಬರುವುದಿಲ್ಲ.

ಎರಡನೆಯದು ‘ಭಾನುವಾರ ಮಾತ್ರ ಹರಟೆ’. ಆರು ದಿನ ತಡೆದದ್ದೆಲ್ಲ ಒಂದೇ ದಿನ ಕಟ್ಟೆ ಒಡೆದ ಹಾಗೆ ಬಂತು, ಸುಮಾರು 600 ಸಂದೇಶ. ಮ್ಯೂಟ್ ಮಾಡಿದವರು ಸೋಮವಾರ ಮ್ಯೂಟ್ ತೆಗೆಯಲೇ ಇಲ್ಲ. ಅಡ್ಮಿನ್‌ಗಳಷ್ಟೇ ಬರೆಯುವ ಹಾಗೆ ಮಾಡಿದ್ದು ಮೂರನೆಯದು. ಗ್ರೂಪು ನೋಟಿಸ್ ಬೋರ್ಡಾಯಿತು, ಪ್ರಶ್ನೆಗಳೆಲ್ಲ ನಮ್ಮ ಸ್ವಂತ ನಂಬರಿಗೆ. ಒಂದೇ ಗ್ರೂಪಿನೊಳಗೆ ವಿಷಯಕ್ಕೊಂದು ವಿಭಾಗ ಮಾಡುವ ಟೆಲಿಗ್ರಾಂನ ಟಾಪಿಕ್ಸ್ ವ್ಯವಸ್ಥೆ ನಿಜಕ್ಕೂ ಇದಕ್ಕಿಂತ ಚೆನ್ನಾಗಿದೆ, ಆದರೆ 12 ಟಾಪಿಕ್ ತೆರೆದು ಕೂತರೆ ಬಂದವರು 70 ಜನ, ಆರು ಟಾಪಿಕ್ ಖಾಲಿ. ಅರವತ್ತು ದಾಟಿದವರಿಗೆ ಇನ್ನೊಂದು ಆ್ಯಪ್ ಹಾಕಿಸುವುದು ನಾಲ್ಕನೇ ಮಹಡಿಗೆ ಮಣ್ಣು ಹೊತ್ತಷ್ಟೇ ಕಷ್ಟ.

ದುಡ್ಡೂ ಹೋಯಿತು. ಫಾರ್ವರ್ಡ್ ಹಿಡಿದು ತಾನೇ ಎಚ್ಚರಿಸುವ ಬಾಟ್ ಮಾಡಿಕೊಡುತ್ತೇನೆಂದವರಿಗೆ ₹1,500, ಅದಕ್ಕೊಂದು ಸಿಮ್, ಹಳೇ ಫೋನಿಗೆ ₹4,000ದ ಹತ್ತಿರ. ಅನಧಿಕೃತ ಬಾಟ್ ವಾಟ್ಸ್ಆ್ಯಪ್ ನಿಯಮಕ್ಕೆ ವಿರುದ್ಧ. ಮೂರೇ ವಾರದಲ್ಲಿ ಆ ನಂಬರೇ ನಿಷೇಧವಾಯಿತು. ಫೋನ್ ಉಳಿಯಿತು, ಈಗ ಅದೇ ಗ್ರೂಪಿನ ಫೋನು. ತಿಂಗಳ ರೀಚಾರ್ಜು ಸಗಟು ಕೋಕೋಪೀಟಿನಲ್ಲಿ (ಕುಂಡಕ್ಕೆ ಹಾಕುವ ತೆಂಗಿನ ನಾರಿನ ಪುಡಿ) ಹುಟ್ಟುತ್ತದೆ: 5 ಕಿಲೋದ 40 ಇಟ್ಟಿಗೆ ಒಟ್ಟಿಗೆ ತರಿಸಿ, ಒಂದಕ್ಕೆ ₹5–6 ಗ್ರೂಪಿಗೆಂದು ಹಿಡಿದರೆ ಸಾಕು.

ಕೊನೆಗೆ ನಿಂತದ್ದು ಹಲವು ಗ್ರೂಪುಗಳನ್ನು ಒಂದೇ ಸೂರಿನಡಿ ತರುವ ವಾಟ್ಸ್ಆ್ಯಪ್ ಕಮ್ಯುನಿಟಿ ಮಾಡಿ ಒಳಗೆ ಮೂರು ಗ್ರೂಪು: ಗಿಡದ ಮಾತಿಗೆ ‘ಕುಂಡ’, ಹರಟೆಗೆ ‘ಕಟ್ಟೆ’, ಜೊತೆಗೆ ‘ಕೊಡು-ಕೊಳ್ಳು’. ನಾಲ್ಕನೆಯದು ಬೇಡವೇ ಬೇಡ, ಎಲ್ಲಿ ಬರೆಯಬೇಕೆಂದು ಯೋಚಿಸುವ ಹೊತ್ತಿಗೆ ಜನ ಬರೆಯುವುದನ್ನೇ ಬಿಡುತ್ತಾರೆ. ಕಟ್ಟೆಯಲ್ಲಿ ಸಂದೇಶ 7 ದಿನಕ್ಕೆ ಮಾಯವಾಗುವಂತೆ ಇಟ್ಟೆವು. ಕುಂಡದಲ್ಲಿ ಅದನ್ನು ಮುಟ್ಟಬಾರದು, ಹೋದ ಮಳೆಗಾಲದ ಉತ್ತರ ಹುಡುಕಿದರೆ ಸಿಗಬೇಕು. ಮಾಯವಾಗುವ ಸೆಟ್ಟಿಂಗನ್ನು ಸದಸ್ಯರೂ ಬದಲಿಸಬಹುದು, ಅದಕ್ಕೆ ಗ್ರೂಪ್ ಮಾಹಿತಿ ತಿದ್ದುವ ಹಕ್ಕು ಅಡ್ಮಿನ್‌ಗಳಿಗೆ ಮಾತ್ರ ಎಂದು ಮೊದಲು ಬೀಗ ಹಾಕಿ. ಇಷ್ಟಾದರೂ ಫೋನ್ ತುಂಬುತ್ತದೆ ಎಂಬ ದೂರು ಬರುತ್ತದೆ. ಸಂದೇಶ ಮಾಯವಾದರೂ ತಾನಾಗಿ ಇಳಿದ ಚಿತ್ರ ಗ್ಯಾಲರಿಯಲ್ಲೇ ಕೂತಿರುತ್ತದೆ. ಕಟ್ಟೆಯೊಂದಕ್ಕೆ ಗ್ಯಾಲರಿಗೆ ಸೇರದಂತೆ ಮಾಡುವುದನ್ನು ಒಬ್ಬೊಬ್ಬರಿಗೂ ತೋರಿಸಿಕೊಡಬೇಕಾಯಿತು.

ಕಟ್ಟೆ ತೆರೆದ ಮಾತ್ರಕ್ಕೆ ಯಾರೂ ಅಲ್ಲಿಗೆ ಎದ್ದು ಹೋಗಲಿಲ್ಲ. ಮೊದಲ ತಿಂಗಳು ‘ದಯವಿಟ್ಟು ಕಟ್ಟೆಯಲ್ಲಿ ಬರೆಯಿರಿ’ ಎಂದದ್ದೆಲ್ಲ ವ್ಯರ್ಥ, ಖಾಲಿ ಕಟ್ಟೆಯ ಮೇಲೆ ಯಾರು ಕೂರುತ್ತಾರೆ? ಈಗಿನ ಕ್ರಮ ಹೀಗೆ. ಕುಂಡದಲ್ಲಿ ಅಡ್ಡಮಾತಿನ ಮೊದಲ ಎರಡು ಸಂದೇಶಕ್ಕೆ ಸುಮ್ಮನಿರುತ್ತೇವೆ, ಅರ್ಧಕ್ಕರ್ಧ ಅಲ್ಲೇ ಆರಿ ಹೋಗುತ್ತವೆ. ಮೂರನೆಯದು ಬಂತೋ, ಇದಕ್ಕೆಂದೇ ಆರಿಸಿದ ಇಬ್ಬರಲ್ಲೊಬ್ಬರು ಮೂಲ ಸಂದೇಶವನ್ನು ಕಟ್ಟೆಗೆ ಒಯ್ದು, ಅಲ್ಲಿ ನಿಜವಾದ ಉತ್ತರ ಕೊಟ್ಟು, ಆಮೇಲೆ ಕುಂಡದಲ್ಲಿ ‘ನಿಮಗೆ ಅಲ್ಲಿ ಉತ್ತರ ಹಾಕಿದ್ದೇನೆ ನೋಡಿ ಅಕ್ಕಾ’ ಎನ್ನುತ್ತಾರೆ. ಈ ಕ್ರಮ ತಲೆಕೆಳಗಾಗಬಾರದು. ಹತ್ತು ನಿಮಿಷ ದಾಟಿದರೂ ಕೆಲಸವಿಲ್ಲ, ಅಷ್ಟರಲ್ಲಿ ಮಾತು ಬೇರು ಬಿಟ್ಟಿರುತ್ತದೆ. ಮೊದಲ ಉತ್ತರ ಕೊಡುವ ಆ ಇಬ್ಬರನ್ನು ಹೇಗೆ ಆರಿಸುತ್ತೇವೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ನಮ್ಮ ಗ್ರೂಪಿನವರೂ ಓದುತ್ತಾರೆ.

ತಲೆ ತಿನ್ನುವುದು ಗಡಿಯ ಪ್ರಶ್ನೆ. ಬಸಳೆ ಬಳ್ಳಿ ಕುಂಡದ್ದು, ಬಸಳೆ ಹುಳಿ ಕಟ್ಟೆಯದ್ದು, ಅದು ಸುಲಭ. ಮೇಲಿನ ಮನೆಯ ಕುಂಡದಿಂದ ನೀರು ತೊಟ್ಟಿಕ್ಕುತ್ತದೆಂದು ಸೊಸೈಟಿ ನೋಟಿಸ್ ಬಂದರೆ? ಅದು ಕುಂಡಕ್ಕೇ ಇರಲಿ, ಕುಂಡದಡಿಯ ತಟ್ಟೆ, ನೀರು ಹಾಕುವ ಹೊತ್ತು ಎಲ್ಲ ಅದರೊಳಗೇ ಬರುತ್ತದೆ. ಮತ್ಸ್ಯಗಂಧ ಎಷ್ಟು ತಡ ಎಂಬುದು ಕಟ್ಟೆಗೆ, ಅದೇ ರೈಲಿನಲ್ಲಿ ಊರಿನಿಂದ ಮಲ್ಲಿಗೆ ಸಸಿಯನ್ನು ಬೇರು ಒಣಗದಂತೆ ತರುವುದು ಹೇಗೆ ಎಂಬುದು ಕುಂಡಕ್ಕೆ. ಮಾಟುಂಗದ ಮೈಸೂರು ಅಸೋಸಿಯೇಷನ್ ಕಾರ್ಯಕ್ರಮ ಕಟ್ಟೆಗೆ. ಸಾವಿನ ಸುದ್ದಿಯನ್ನು ಮಾತ್ರ ಕುಂಡದಿಂದ ಎತ್ತಲು ಯಾರಿಗೂ ಮನಸ್ಸಾಗಲಿಲ್ಲ. 80 ‘ಓಂ ಶಾಂತಿ’ಯ ಅಡಿಯಲ್ಲಿ ಒಬ್ಬರ ಬಾಡುವ ಟೊಮೆಟೊ ಹೂತು ಹೋಗುತ್ತಿತ್ತು. ಈಗ ಸುದ್ದಿ ಒಂದೇ ಸಂದೇಶ, ಉಳಿದವರು ಅದರ ಮೇಲೆ ಕೈಮುಗಿಯುವ ಗುರುತು ಒತ್ತುವುದು. ಚುನಾವಣೆ ಎರಡೂ ಕಡೆ ಇಲ್ಲ.

ಕೇಸು ಬಿದ್ದೀತೆಂದು ಹೆದರಿ ಕಂಡದ್ದನ್ನೆಲ್ಲ ಅಳಿಸುವ ಅಡ್ಮಿನ್‌ಗಳು ಎಲ್ಲ ಕಡೆ ಇರುತ್ತಾರೆ. ಸದಸ್ಯ ಹಾಕಿದ್ದಕ್ಕೆ, ಒಳಸಂಚು ಇಲ್ಲದ ಹೊರತು, ಅಡ್ಮಿನ್ ಹೊಣೆಯಲ್ಲ ಎಂದು ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2021ರಲ್ಲೇ ಹೇಳಿದೆ. ಅದನ್ನು ತೋರಿಸಿದ ಮೇಲೆ ನಮ್ಮವರ ಕೈ ನಿಂತಿತು. ಮೋಸದ ಲಿಂಕು, ಬೈಗುಳ ಎರಡನ್ನೇ ಅಳಿಸುತ್ತೇವೆ.

ಲೆಕ್ಕ ಹಾಕುವ ಚಟವಿರುವವರಿಗೆ ಒಂದು ಅಡ್ಡದಾರಿ. ಚಾಟ್ ಎಕ್ಸ್‌ಪೋರ್ಟ್ ಮಾಡಿದರೆ ಚಿತ್ರವಿಲ್ಲದೆ 40,000 ಸಂದೇಶದವರೆಗೆ ಸಿಗುತ್ತದೆ. ಸ್ಪ್ರೆಡ್‌ಶೀಟಿಗೆ ಹಾಕುವಾಗ ದಿನಾಂಕದಿಂದ ಶುರುವಾಗುವ ಸಾಲನ್ನಷ್ಟೇ ಎಣಿಸಿ, ಇಲ್ಲದಿದ್ದರೆ ನಾಲ್ಕು ಸಾಲಿನ ಒಂದು ಸಂದೇಶ ನಾಲ್ಕಾಗುತ್ತದೆ. ಕುಂಡದಲ್ಲಿ ಹೆಚ್ಚು ಉತ್ತರ ಕೊಡುವ 20 ಜನರಲ್ಲಿ 14 ಮಂದಿ ಕಟ್ಟೆಯ ಕಾಯಂ ಗಿರಾಕಿಗಳು. ಹರಟೆಯವರನ್ನು ಹೊರಗಟ್ಟಿ ಎಂದವರಿಗೆ ಈ ಪಟ್ಟಿ ಕಳಿಸಿದೆ, ಮರುಮಾತು ಬರಲಿಲ್ಲ. ಲೋಕಲ್ ರೈಲಿನ ಹೊತ್ತಿಗೂ ಉತ್ತರಕ್ಕೂ ನಂಟಿದೆಯೇ ಎಂದೂ ನೋಡಿದೆ. ಬೆಳಿಗ್ಗೆ 8ರಿಂದ 10 ಉತ್ತರ ಬರೆಯುವವರೇ ಕಡಿಮೆ, ನೂಕುನುಗ್ಗಲಲ್ಲಿ ಟೈಪ್ ಮಾಡುವುದೆಲ್ಲಿ!

ಪಿನ್ ಮಾಡಿದ ನಿಯಮ 30 ದಿನಕ್ಕೆ ತಾನೇ ಕಳಚುತ್ತದೆ, ಪ್ರತಿ 1ನೇ ತಾರೀಕು ಮತ್ತೆ ಹಾಕಬೇಕು. ಇನ್ನೂ ಬಗೆಹರಿಯದ್ದು ಹುಡುಕಾಟ. ಒಬ್ಬರು ‘ಬಸಳೆ’ ಎಂದು ಕನ್ನಡದಲ್ಲಿ, ಇನ್ನೊಬ್ಬರು ಇಂಗ್ಲಿಷ್ ಅಕ್ಷರದಲ್ಲಿ, ಮತ್ತೊಬ್ಬರು ಎರಡು ನಿಮಿಷದ ವಾಯ್ಸ್ ಮೆಸೇಜಿನಲ್ಲಿ. ಸದ್ಯಕ್ಕೆ ವಾಯ್ಸ್ ಕಳಿಸಿದವರು ಅದರ ಕೆಳಗೆ ಗಿಡದ ಹೆಸರನ್ನು ಕನ್ನಡದಲ್ಲಿ ಬರೆಯಬೇಕು. ಹತ್ತರಲ್ಲಿ ಆರು ಜನ ಬರೆಯುತ್ತಾರೆ, ಉಳಿದ ನಾಲ್ಕನ್ನು ರಾತ್ರಿ ಕೂತು ನಾವೇ ಬರೆಯುತ್ತೇವೆ.