ಹಳೆಯ ಸ್ಕೌಟ್ ಚಾಕು ಕೊಳ್ಳುವಾಗ ನಾನು ನೋಡುವುದು

ಹಳೆಯ ಸ್ಕೌಟ್ ಜೇಬುಚಾಕು ಕೈಗೆ ಬಂದರೆ ನಾನು ಮೊದಲು ತೆರೆಯುವುದು ದೊಡ್ಡ ಅಲಗನ್ನಲ್ಲ, ಪಂಚನ್ನು. ಚರ್ಮಕ್ಕೆ ತೂತು ಕೊರೆಯಲು ಇಟ್ಟಿರುವ ಈ ಚೂಪು ಮೊನೆಯನ್ನು ಹೆಚ್ಚಿನ ಹುಡುಗರು ಬಳಸುತ್ತಲೇ ಇರಲಿಲ್ಲ. ಹಾಗಾಗಿ ಚಾಕುವಿನ ನಿಜವಾದ ವಯಸ್ಸು ಅದರ ಮೇಲೆ ಉಳಿದಿರುತ್ತದೆ. ಪಂಚ್ ಕಂದುಬಣ್ಣಕ್ಕೆ ತಿರುಗಿದ್ದು, ಪಕ್ಕದ ದೊಡ್ಡ ಅಲಗು ಮಾತ್ರ ನಿನ್ನೆ ಮೊನ್ನೆ ತಯಾರಾದಂತೆ ಹೊಳೆಯುತ್ತಿದ್ದರೆ, ಮಾರುವವರು ಅದನ್ನು ಪಾಲಿಶ್ ಚಕ್ರಕ್ಕೆ ಹಿಡಿದಿದ್ದಾರೆ ಎಂದು ತಿಳಿದು ಕೆಳಗಿಡುತ್ತೇನೆ.

ನಾನು ಸಂಗ್ರಹಿಸುವುದು ಅಮೆರಿಕದ ಚಾಕುಗಳನ್ನು. ಇಲ್ಲಿ ವಾಸವಿರುವುದರಿಂದ ವಾರಾಂತ್ಯದ ಹಳೆಯ ಸಾಮಾನಿನ ಸಂತೆಗಳಲ್ಲಿ, ಮನೆ ಖಾಲಿ ಮಾಡುವವರ ಮಾರಾಟಗಳಲ್ಲಿ ಅವು ಸಿಗುತ್ತವೆ. ಬಾಯ್ ಸ್ಕೌಟ್ಸ್ ಆಫ್ ಅಮೆರಿಕ ಹುಟ್ಟಿದ್ದು 1910ರಲ್ಲಿ. ಅದಾದ ಸ್ವಲ್ಪ ಕಾಲದಲ್ಲೇ ನ್ಯೂಯಾರ್ಕ್ ರಾಜ್ಯದ ವಾಲ್ಡನ್ ಊರಿನ ನ್ಯೂಯಾರ್ಕ್ ನೈಫ್ ಕಂಪನಿ ಅಧಿಕೃತ ಸ್ಕೌಟ್ ಚಾಕು ತಯಾರಿಸತೊಡಗಿತು. ದೊಡ್ಡ ಅಲಗು, ಡಬ್ಬಿ ತೆರೆಯುವ ಅಲಗು, ಬಾಟಲಿ ಮುಚ್ಚಳವನ್ನೂ ಎತ್ತಬಲ್ಲ ಸ್ಕ್ರೂಡ್ರೈವರ್, ಪಂಚ್, ತುದಿಯಲ್ಲಿ ಬೆಲ್ಟಿಗೆ ಸಿಕ್ಕಿಸಲು ಒಂದು ಕೊಂಡಿ: ಸ್ಕೌಟ್ ಚಾಕು ಎಂದರೆ ಕಣ್ಣಮುಂದೆ ಬರುವ ಈ ರೂಪ ದಶಕಗಟ್ಟಲೆ ಹೆಚ್ಚು ಬದಲಾಗಲಿಲ್ಲ. ಆ ಕಂಪನಿ 1931ರಲ್ಲಿ ಮುಚ್ಚಿತು. ಅಷ್ಟರಲ್ಲಿ ರೆಮಿಂಗ್ಟನ್ ಕಣಕ್ಕಿಳಿದಿತ್ತು. ಮೊದಲ ಮಹಾಯುದ್ಧ ಮುಗಿದು ಬಂದೂಕುಗಳ ಬೇಡಿಕೆ ಕುಸಿದಾಗ ಚಾಕು ತಯಾರಿಕೆಗೆ ಕೈಹಾಕಿದ ಕಂಪನಿ ಅದು. ಅದರ ಆರ್‌ಎಸ್ 3333 ಮಾದರಿಯನ್ನು ಸಂಗ್ರಹಕಾರರೆಲ್ಲ ಹುಡುಕುತ್ತಾರೆ. ನನಗೂ ಅದರ ಮೇಲೆ ಅಪಾರ ಪ್ರೀತಿ. ಮುಂದೆ ಅಲ್ಸ್ಟರ್, ಇಂಪೀರಿಯಲ್, ಕ್ಯಾಮಿಲಸ್ ಬಂದವು. ಕ್ಯಾಮಿಲಸ್ 2007ರಲ್ಲಿ ಬಾಗಿಲು ಹಾಕಿತು.

ಪಂಚ್ ನೋಡಿದ ಮೇಲೆ ದೊಡ್ಡ ಅಲಗಿನ ಬುಡಕ್ಕೆ ಬರುತ್ತೇನೆ. ತಯಾರಕರ ಮುದ್ರೆ ಇರುವುದು ಅಲ್ಲಿ. ಅಕ್ಷರಗಳ ಅಂಚು ಮೊಂಡಾಗಿದ್ದರೆ ಲೋಹವನ್ನು ಉಜ್ಜಿ ತೆಗೆದಿದ್ದಾರೆ. ಇನ್ನು ಸವೆತ. ಬುಡದ ಬಳಿಯ ಅಗಲಕ್ಕೂ ನಡುಭಾಗದ ಅಗಲಕ್ಕೂ ಹೋಲಿಸಿ ನೋಡಿದರೆ ಎಷ್ಟು ವರ್ಷ ಸಾಣೆ ಕಲ್ಲಿಗೆ ಉಜ್ಜಿದ್ದಾರೆಂದು ತಿಳಿಯುತ್ತದೆ. ಸಾಣೆ ಹಿಡಿದು ಒಂದಿಷ್ಟು ಸವೆದ ಅಲಗಿನ ಬಗ್ಗೆ ನನಗೆ ತಕರಾರಿಲ್ಲ; ಹುಡುಗನೊಬ್ಬ ಕೆಲಸ ಮಾಡಿದ್ದಾನೆ, ಅಷ್ಟೇ. ಮೊನೆ ಮುರಿದದ್ದನ್ನು ಮುಚ್ಚಿಡಲು ಆಕಾರವನ್ನೇ ಬದಲಿಸಿದ್ದರೆ ಬೇಡ.

ಆಮೇಲೆ ಡಬ್ಬಿ ತೆರೆಯುವ ಅಲಗು. ಕಾಲ ಗುರುತಿಸಲು ನನಗೆ ಇದು ಅತ್ಯಂತ ನಂಬಿಕೆಯ ಸಾಕ್ಷಿ. ಆರಂಭದ ಚಾಕುಗಳಲ್ಲಿ ಅದು ಉದ್ದವಾಗಿ, ಕೊಕ್ಕೆಯಂತೆ ಬಾಗಿ, ಚೂಪು ಮೂತಿಯದಾಗಿರುತ್ತದೆ. 1940ರ ದಶಕದಿಂದೀಚೆಗೆ ಗಿಡ್ಡನೆಯ, ಡಬ್ಬಿಯ ಅಂಚಿಗೆ ಸಿಕ್ಕಿಸಿ ಮುಂದೆ ಸರಿಸುವ ಸುರಕ್ಷಿತ ರೂಪ ರೂಢಿಗೆ ಬಂತು. ಹಳೆಯ ರೆಮಿಂಗ್ಟನ್ ಮುದ್ರೆಯ ಚಾಕುವಿನಲ್ಲಿ ಈ ಹೊಸ ರೂಪ ಕಂಡರೆ ಅಲಗು ಬದಲಾಗಿದೆ ಎಂದೇ ತೀರ್ಮಾನಿಸುತ್ತೇನೆ. ಮಾರುವವರು ಎಷ್ಟೇ ವಿನಯದಿಂದ ವಾದಿಸಿದರೂ ಸರಿ.

ಹಿಡಿಯ ವಿಷಯ ಹೆಚ್ಚು ಸೂಕ್ಷ್ಮ. ಹಳೆಯವುಗಳದು ದನದ ಕಾಲಿನ ಮೂಳೆ. ಯಂತ್ರದಿಂದ ಹಳ್ಳತಿಟ್ಟು ಕೆತ್ತಿ, ಕಂದು ಬಣ್ಣ ಹಾಕಿದ್ದು. 1960ರ ದಶಕದ ನಂತರ ಅದೇ ವಿನ್ಯಾಸವನ್ನು ಡೆಲ್ರಿನ್ ಎಂಬ ಪ್ಲಾಸ್ಟಿಕ್‌ನಲ್ಲಿ ಅಚ್ಚು ಹಾಕಿದರು. ಎರಡನ್ನೂ ಬೇರ್ಪಡಿಸಲು ಕೆಲವರು ಸೂಜಿ ಕಾಯಿಸಿ ಚುಚ್ಚುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಭೂತಗನ್ನಡಿ ಹಿಡಿದರೆ ಸಾಕು, ಮೂಳೆಯಲ್ಲಿ ರಕ್ತನಾಳಗಳಿದ್ದ ಸಣ್ಣ ರಂಧ್ರಗಳು ಕಾಣುತ್ತವೆ. ಅಲ್ಲದೆ ಮೂಳೆಯ ಎರಡು ಹಿಡಿಗಳು ಎಂದೂ ಪೂರ್ತಿ ಒಂದೇ ಥರ ಇರುವುದಿಲ್ಲ, ಅಚ್ಚಿನಿಂದ ಬಂದವು ಇರುತ್ತವೆ.

ಹಿಡಿಯ ಮೇಲಿನ ಲಾಂಛನದ ಬಿಲ್ಲೆಯ ಸುತ್ತ ಸಂದು ಬಿಟ್ಟಿದ್ದರೆ ಸಂಶಯಪಡಬೇಕು. ಆದರೆ ಬಿಲ್ಲೆಯ ಮೇಲೆ ಹೆಸರಿನ ಮೊದಲಕ್ಷರಗಳನ್ನು ಗೀಚಿದ್ದರೆ ನಾನು ಖುಷಿಯಿಂದ ಕೊಳ್ಳುತ್ತೇನೆ. ಅನೇಕ ಸಂಗ್ರಹಕಾರರು ಅದನ್ನು ಊನವೆಂದು ಎಣಿಸಿ ಬೆಲೆ ಇಳಿಸುತ್ತಾರೆ, ನಾನು ಒಪ್ಪುವುದಿಲ್ಲ. ಇಲ್ಲಿನ ಸ್ಕೌಟ್‌ಗಳು ಚಾಕು ಬಳಸುವ ಶಿಸ್ತನ್ನು ಕಲಿತು ತೋರಿಸಿದ ಮೇಲೆ ‘ಟೋಟಿನ್ ಚಿಪ್’ ಎಂಬ ಕಾರ್ಡು ಪಡೆಯುತ್ತಾರೆ. ನಿಯಮ ಮೀರಿದರೆ ಕಾರ್ಡಿನ ಒಂದು ಮೂಲೆಯನ್ನು ಕತ್ತರಿಸುವ ವಾಡಿಕೆ ಇದೆ. ನನ್ನ ಬಳಿಯ ಒಂದು ಚಾಕುವಿನೊಂದಿಗೆ ಅಂಥ ಕಾರ್ಡೂ ಬಂದಿದೆ, ಮೂಲೆ ಕತ್ತರಿಸಿದ್ದು. ಎರಡನ್ನೂ ಒಟ್ಟಿಗೇ ಇಟ್ಟಿದ್ದೇನೆ.

ಶುಚಿ ಮಾಡುವುದು ಎಷ್ಟು ಕಡಿಮೆಯಾದರೆ ಅಷ್ಟು ಒಳ್ಳೆಯದು. ಕೀಲುಗಳಿಗೆ ಮಿನರಲ್ ಆಯಿಲ್‌ನ ಒಂದೆರಡು ಹನಿ ಬಿಟ್ಟು ರಾತ್ರಿಯಿಡೀ ಇಡುತ್ತೇನೆ. ಬೆಳಿಗ್ಗೆ ಸ್ಪ್ರಿಂಗ್ ಸಂದಿನ ಕೊಳೆಯನ್ನು ಮರದ ಹಲ್ಲುಕಡ್ಡಿಯಿಂದ ಎತ್ತುತ್ತೇನೆ. ಹಸಿ ಕೆಂಪು ತುಕ್ಕನ್ನು ಮಾತ್ರ ತೆಗೆಯುತ್ತೇನೆ. ಗಾಢ ಬೂದುಬಣ್ಣದ ಪದರವನ್ನು ಮುಟ್ಟುವುದಿಲ್ಲ, ಅದು ಉಕ್ಕಿಗೆ ಹಾನಿ ಮಾಡುವುದಿಲ್ಲ. ಕೊನೆಗೆ ಸಂಗ್ರಹಾಲಯಗಳಲ್ಲಿ ಬಳಸುವ ಮೈಕ್ರೋಕ್ರಿಸ್ಟಲೈನ್ ಮೇಣದ ತೆಳು ಲೇಪ. ಚರ್ಮದ ಚೀಲದಲ್ಲಿ ಚಾಕುವನ್ನು ಎಂದೂ ಇಡುವುದಿಲ್ಲ. ಹದ ಮಾಡಿದ ಚರ್ಮ ತೇವ ಹಿಡಿದಿಟ್ಟು ಹಿತ್ತಾಳೆಗೆ ಹಸಿರು ಕಿಲುಬು ಹತ್ತಿಸುತ್ತದೆ. ಸೆಲ್ಯುಲಾಯ್ಡ್ ಎಂಬ ಹಳೆಯ ಬಗೆಯ ಪ್ಲಾಸ್ಟಿಕ್ ಹಿಡಿಯ ಚಾಕುಗಳಿಗಂತೂ ಬೇರೆಯದೇ ಡ್ರಾಯರ್ ಬೇಕು. ಸೆಲ್ಯುಲಾಯ್ಡ್ ಕೊಳೆಯತೊಡಗಿದಾಗ ಹೊರಬರುವ ಆಮ್ಲೀಯ ಆವಿ ತನ್ನ ಅಲಗನ್ನಷ್ಟೇ ಅಲ್ಲ, ಅಕ್ಕಪಕ್ಕದ ಚಾಕುಗಳನ್ನೂ ತಿನ್ನುತ್ತದೆ.

ಹೊಸದಾಗಿ ಶುರುಮಾಡುವವರು ದುಬಾರಿ ರೆಮಿಂಗ್ಟನ್ ಹಿಂದೆ ಓಡದೆ, ಅಧಿಕೃತ ಲಾಂಛನವಿಲ್ಲದ ಚಾಕುಗಳಿಂದ ಶುರುಮಾಡಲಿ ಎಂಬುದು ನನ್ನ ಸಲಹೆ. ಹತ್ತಾರು ಕಂಪನಿಗಳು ಇದೇ ವಿನ್ಯಾಸವನ್ನು ಬಳಸಿ, ಬಿಲ್ಲೆಯ ಮೇಲೆ ‘ಕ್ಯಾಂಪ್’ ಎಂದಷ್ಟೇ ಬರೆದು ಮಾರಿದವು. ಇಂಪೀರಿಯಲ್‌ನ ಕ್ಯಾಂಪ್ ಕಿಂಗ್ ಅಂಥದ್ದು. ಹೇರಳವಾಗಿ ಸಿಗುತ್ತದೆ, ಕೈ ಪಳಗಲು ತುಂಬ ಒಳ್ಳೆಯದು. ಹಾಗೆಯೇ ಗರ್ಲ್ ಸ್ಕೌಟ್ ಚಾಕುಗಳು. ಜೂಲಿಯೆಟ್ ಗೋರ್ಡನ್ ಲೋ 1912ರಲ್ಲಿ ಸವಾನಾ ನಗರದಲ್ಲಿ ಕಟ್ಟಿದ ಸಂಸ್ಥೆಗಾಗಿ ಯುಟಿಕಾ ಕಂಪನಿ ತನ್ನ ಕಟ್‌ಮಾಸ್ಟರ್ ಹೆಸರಿನಲ್ಲಿ ತಯಾರಿಸಿದ ಚಾಕುಗಳ ಮೇಲೆ ಮೂರೆಸಳಿನ ಲಾಂಛನ ಇರುತ್ತದೆ. ಹುಡುಗರ ಚಾಕುಗಳ ರಾಶಿಯ ನಡುವೆ ಇವುಗಳನ್ನು ಬಹಳ ಜನ ಎತ್ತಿಯೂ ನೋಡುವುದಿಲ್ಲ. ಈಗ ಸಂತೆಗೆ ಹೋದರೆ ನಾನು ಮೊದಲು ಹುಡುಕುವುದು ಅವನ್ನೇ.